ಟವೆಲು ಹಾಕಿದ ಸೀಟು

ನನ್ನ ಪಂಕ್ಚರ್ ಅಂಗಡಿಯಲ್ಲಿ ಕೈ ಒರೆಸಿಕೊಳ್ಳಲು ಒಂದು ಟವೆಲು ಇದೆ. ಗ್ರೀಸು, ಟ್ಯೂಬಿನ ಅಂಟು, ದಾರಿಯ ಕೆಸರು ಎಲ್ಲ ಕುಡಿದು ಅದು ಈಗ ಯಾವ ಬಣ್ಣಕ್ಕೂ ಸೇರದ ಬಣ್ಣಕ್ಕೆ ಬಂದಿದೆ. ಅಂಚಿನ ಕೆಂಪು ಗೆರೆ ಮಾತ್ರ ಹಠ ಮಾಡಿ ಅಲ್ಲಲ್ಲಿ ಉಳಿದಿದೆ. ಮೊನ್ನೆ ಕಾರಿನ ಟೈರಿಗೆ ಪ್ಯಾಚು ಹಾಕಿಸಿಕೊಂಡ ಗಿರಾಕಿಯೊಬ್ಬರಿಗೆ ಅದನ್ನು ಕೊಟ್ಟೆ. ಅವರು ಟವೆಲನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಕೈಯನ್ನು ತಮ್ಮ ಪ್ಯಾಂಟಿಗೇ ಒರೆಸಿಕೊಂಡು ಹೊರಟರು. ನನಗೆ ಬೇಸರವಾಗಲಿಲ್ಲ. ಆ ಟವೆಲು ಒಂದು ಕಾಲದಲ್ಲಿ ಎಷ್ಟು ಜನರನ್ನು ಕೂರಿಸಿತ್ತೆಂದು ಅವರಿಗೇನು ಗೊತ್ತು?

ಕೂರಿಸಿತ್ತು ಎಂದರೆ ಬಸ್ಸಿನಲ್ಲಿ. ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿಯುವುದನ್ನು ನೀವೂ ನೋಡಿರುತ್ತೀರಿ, ಬಹುಶಃ ಮಾಡಿಯೂ ಇರುತ್ತೀರಿ. ಆದರೆ ನಮ್ಮ ಕಡೆ ಅದಕ್ಕೊಂದು ಶಾಸ್ತ್ರವೇ ಇತ್ತು. ಕರವಸ್ತ್ರ ಹಾಕಿದವನನ್ನು ಯಾರೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಪೇಪರು ಹಾಕಿದರೆ ಅದನ್ನು ಎತ್ತಿಕೊಂಡು ಓದುತ್ತಾ ಅಲ್ಲೇ ಕೂತುಬಿಡುತ್ತಿದ್ದರು. ಟವೆಲಿಗೆ ಮಾತ್ರ ಪೂರ್ತಿ ಮರ್ಯಾದೆ. ತೋಟದ ಮೇಸ್ತ್ರಿಯೊಬ್ಬರು ಒಮ್ಮೆ ಕಾಡು ಸವರುವ ಕತ್ತಿಯನ್ನೇ ಸೀಟಿನ ಮೇಲೆ ಇಟ್ಟು ಚಹಾ ಕುಡಿಯಲು ಹೋಗಿದ್ದರು. ಆ ಸೀಟಿನ ಹತ್ತಿರದ ಸೀಟಿಗೂ ಯಾರೂ ಹೋಗಲಿಲ್ಲ.

ನಾನು ಎಸ್ಸೆಸ್ಸೆಲ್ಸಿಯನ್ನು ಬಹಳ ಇಷ್ಟಪಟ್ಟು ಮತ್ತೆ ಮತ್ತೆ ಬರೆದವನು. ಗಣಿತಕ್ಕೆ ನನ್ನ ಮೇಲೆ ಕೊನೆಗೂ ಮನಸ್ಸಾಗಲಿಲ್ಲ. ಆದರೆ ಟವೆಲು ಎಸೆಯುವುದರಲ್ಲಿ ಪರೀಕ್ಷೆ ಇಟ್ಟಿದ್ದರೆ ಇಡೀ ಜಿಲ್ಲೆಗೆ ಮೊದಲಿಗನಾಗುತ್ತಿದ್ದೆ. ನನಗೆ ಇದನ್ನು ಕಲಿಸಿದವಳು ಅಕ್ಕ, ಜಯಕ್ಕ. ಅವಳಿಗೆ ಕಲಿಸಿದವಳು ಅಮ್ಮ. ನಮ್ಮ ಮನೆಯಲ್ಲಿ ಇದು ಆಟವಾಗಿರಲಿಲ್ಲ, ಸೇವೆಯಾಗಿತ್ತು.

ಅದು ಹೀಗೆ. ನಾನು ಹೊಟ್ಟೆಯಲ್ಲಿದ್ದಾಗ ಅಮ್ಮನಿಗೆ ದಾರಿಯಲ್ಲೇ ನೋವು ಬಂತಂತೆ. ಆಸ್ಪತ್ರೆಗೆ ಹೋಗುವ ಬಸ್ಸು ತುಂಬಿ ತುಳುಕುತ್ತಿತ್ತು. ಕಾಫಿ ಹಣ್ಣು ಕೊಯ್ಯುವ ಹೆಂಗಸೊಬ್ಬಳು, ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ತಾನೆದ್ದು ಅಮ್ಮನನ್ನು ಕೂರಿಸಿ, ತಿರುವು ಬಂದಾಗಲೆಲ್ಲ ಅಮ್ಮನ ಭುಜ ಹಿಡಿದುಕೊಂಡು ನಿಂತಿದ್ದಳಂತೆ. ಆಸ್ಪತ್ರೆ ಸ್ಟಾಪಿನಲ್ಲಿ ಇಳಿಸಿ ಅವಳು ಅದೇ ಬಸ್ಸಿನಲ್ಲಿ ಹೋಗಿಬಿಟ್ಟಳು. ಅಮ್ಮ ಅವಳನ್ನು ಮತ್ತೆ ನೋಡಲಿಲ್ಲ. ನೋಡಿದ್ದರೆ ಒಂದು ಸೀರೆ ಕೊಟ್ಟು, ಊಟ ಹಾಕಿ ಮುಗಿಸುತ್ತಿದ್ದಳು, ನಾವೂ ಬಚಾವಾಗುತ್ತಿದ್ದೆವು. ಸಿಗದೇ ಇದ್ದದ್ದರಿಂದ ಆ ಉಪಕಾರವನ್ನು ಊರಿನ ಎಲ್ಲರಿಗೂ ಹಂಚಿ ತೀರಿಸಬೇಕೆಂದು ಅಮ್ಮ ತೀರ್ಮಾನ ಮಾಡಿದಳು. ತೀರಿಸುವ ಕೆಲಸ ಮಕ್ಕಳಿಗೆ ಬಂತು. "ನೀನು ಹುಟ್ಟಿದ್ದೇ ಒಂದು ಸೀಟಿನಿಂದ ಕಣೋ" ಎನ್ನುತ್ತಿದ್ದಳು. ಬೇರೆ ಮಕ್ಕಳನ್ನು ದೇವರು ಕೊಟ್ಟಿದ್ದರೆ ನನ್ನನ್ನು ಸಾರಿಗೆ ಬಸ್ಸು ಕೊಟ್ಟಿತ್ತು.

ಸಂಸೆಯ ಕಡೆ ಗುಡ್ಡದ ಮೇಲಿನ ಒಂದು ಹಳ್ಳಿಯಲ್ಲಿ ರಾತ್ರಿ ತಂಗುವ ಬಸ್ಸು ಬೆಳಿಗ್ಗೆ ಪೇಟೆಗೆ ಇಳಿಯುತ್ತಿತ್ತು. ನಮ್ಮ ಮನೆ ಗುಡ್ಡದ ಕೆಳಗೆ, ಎಸ್ಟೇಟಿನ ಕೂಲಿಯವರ ಸಾಲುಮನೆಗಳ, ಅಂದರೆ ಲೈನುಗಳ, ಪಕ್ಕದ ಸ್ಟಾಪಿನಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಬಸ್ಸಿನಲ್ಲಿ ಕೂರುವ ಮಾತೇ ಇಲ್ಲ. ಆದ್ದರಿಂದ ಸಂತೆಯ ಭಾನುವಾರ ನಾನು, ಜಯಕ್ಕ ಇಬ್ಬರೂ ಹೆಗಲಿಗೊಂದು ಟವೆಲು ಹಾಕಿಕೊಂಡು ತೋಟದ ಒಳದಾರಿಯಲ್ಲಿ ಗುಡ್ಡ ಹತ್ತಿ, ಬಸ್ಸು ಹೊರಡುವ ಜಾಗಕ್ಕೇ ಹೋಗಿ, ಸೀಟು ಹಿಡಿದು ಕೂತು, ನಮ್ಮ ಸ್ಟಾಪಿನ ತನಕ ಬಂದು ಇಳಿಯಬೇಕು. ಅಲ್ಲಿ ಅಮ್ಮ ಕಾದಿರುತ್ತಿದ್ದಳು. ಪಕ್ಕದಲ್ಲಿ ಲೈನಿನ ಮುದುಕರು, ಬಸುರಿಯರು, ಜ್ವರದವರು. ಯಾರಿಗೆ ಕಿಟಕಿ ಪಕ್ಕ, ಯಾರಿಗೆ ಒಳಗಡೆ ಎಂದು ಅಮ್ಮ ಮೊದಲೇ ಗೊತ್ತುಮಾಡಿರುತ್ತಿದ್ದಳು. ಬಸ್ಸು ನಿಂತ ಕೂಡಲೇ ಕಿಟಕಿಯ ಸರಳಿಗೆ ಉಂಗುರದಿಂದ ಟಕಟಕ ಬಡಿಯುವಳು. ನಾವು ಏಳಬೇಕು, ಅವರು ಕೂರಬೇಕು.

ಕಂಡಕ್ಟರ್ ಭೋಜಣ್ಣ ನಮಗೆ ಟಿಕೆಟು ಕೊಡುತ್ತಿರಲಿಲ್ಲ. "ಇವು ಪ್ಯಾಸೆಂಜರಲ್ಲ ಮಾರಾಯ, ಟವೆಲಿನ ಜೊತೆ ಬಂದ ಸಾಮಾನು" ಎನ್ನುತ್ತಿದ್ದರು.

ಜಯಕ್ಕ ಇದನ್ನು ಉಸಿರಾಡಿದಷ್ಟು ಸುಲಭವಾಗಿ ಮಾಡುತ್ತಿದ್ದಳು. ಅಮ್ಮನ ಉಂಗುರದ ಸದ್ದಿಗೆ ಮೊದಲೇ ಎದ್ದು, ಸೀಟನ್ನು ಟವೆಲಿನಿಂದ ಒಮ್ಮೆ ಒರೆಸಿ, ಜನರ ನಡುವೆ ನುಸುಳಿ ಇಳಿದು ಮನೆಯ ದಾರಿ ಹಿಡಿದಿರುತ್ತಿದ್ದಳು. ಕೂತವರಿಗೆ ಯಾರು ಕೊಟ್ಟರೆಂಬುದೂ ತಿಳಿಯುತ್ತಿರಲಿಲ್ಲ. ನಾನು ಹಾಗಲ್ಲ. ಸೀಟು ಬಿಟ್ಟುಕೊಟ್ಟ ಮೇಲೆ ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಯಾರಾದರೂ ತಲೆ ಸವರಬಹುದು, ಒಂದು ಕಡಲೆಮಿಠಾಯಿ ಬರಬಹುದು, ಕಡೇ ಪಕ್ಷ "ಎಂಥಾ ಒಳ್ಳೆ ಹುಡುಗ" ಎನ್ನಬಹುದು. ಭೋಜಣ್ಣ ಸೀಟಿ ಊದಿದ ಮೇಲೂ ನಿಲ್ಲುತ್ತಿದ್ದೆ. ಕೆಲವು ಸಲ ಕೊಡುವುದೇ ಬೇಡವೆನಿಸಿ ಕಣ್ಣು ಮುಚ್ಚಿ ಗೊರಕೆ ಹೊಡೆಯುತ್ತಿದ್ದೆ, ಹಾಗೇ ಸಂತೆಯ ತನಕ ಹೋಗಿಬಿಡೋಣವೆಂದು. ಭೋಜಣ್ಣ ಕಾಲರು ಹಿಡಿದು ಎತ್ತುತ್ತಿದ್ದರು. "ಏಳು ಮಾರಾಯ. ನಿಜವಾಗಿ ನಿದ್ದೆ ಬಂದೋರ ರೆಪ್ಪೆ ಹೀಗೆ ಕುಣಿಯಲ್ಲ."

ಹೀಗೆ ನಾವು ದೊಡ್ಡವರಾದೆವು. ಜಯಕ್ಕ ಪಿಯುಸಿ ಪಾಸು ಮಾಡಿದಳು. ನಾನು ಏನು ಮಾಡಿದೆ ಎಂಬುದನ್ನು ಆಗಲೇ ಹೇಳಿದ್ದೇನೆ.

ಆ ವರ್ಷ ಪೇಟೆಯಲ್ಲಿ ಚಿಕ್ಕ ಮಕ್ಕಳಿಗೊಂದು ಹೊಸ ಶಾಲೆ ಶುರುವಾಗುತ್ತಿತ್ತು. ಟೀಚರ್ ಬೇಕೆಂದು ಸುದ್ದಿ ಬಂತು. ಜಯಕ್ಕನಿಗೆ ಸಂದರ್ಶನಕ್ಕೆ ಕರೆ ಬಂತು. ಅವಳಿಗೆ ಟೀಚರಾಗುವ ಆಸೆ ಎಷ್ಟಿತ್ತೆಂದರೆ, ಕಾಫಿ ಗಿಡಗಳಿಗೆ ಹೆಸರಿಟ್ಟು ಹಾಜರಿ ಕರೆಯುತ್ತಿದ್ದವಳು ಅವಳು. ಆದರೆ ಅವಳಿಗೊಂದು ತೊಂದರೆ ಇತ್ತು. ಬಸ್ಸಿನಲ್ಲಿ ಕೂತರೆ ಏನೂ ಇಲ್ಲ. ನಿಂತರೆ ನಾಲ್ಕು ತಿರುವಿಗೆ ತಲೆ ಸುತ್ತಿ, ಹೊಟ್ಟೆ ಕಿವುಚಿ ಬಂದುಬಿಡುತ್ತಿತ್ತು. ನಮ್ಮ ಸ್ಟಾಪಿನಿಂದ ಪೇಟೆಗೆ ತಿರುವುಗಳನ್ನು ಬಿಟ್ಟರೆ ರಸ್ತೆಯೇ ಇಲ್ಲ. ಎಷ್ಟೋ ವರ್ಷ ಊರಿಗೆಲ್ಲ ಸೀಟು ಹಿಡಿದುಕೊಟ್ಟ ಮನೆಯಲ್ಲಿ ಮೊದಲ ಸಲ ಮನೆಯವರಿಗೇ ಒಂದು ಸೀಟು ಬೇಕಾಯಿತು.

"ನೀನು ಮೇಲೆ ಹೋಗಿ ಹಿಡ್ಕೊಂಡು ಬಾ" ಎಂದಳು ಅಮ್ಮ. "ಇವತ್ತು ಅಕ್ಕಂಗೆ. ಬೇರೆ ಯಾರಿಗೂ ಅಲ್ಲ, ತಿಳೀತಾ?"

"ಅಷ್ಟೂ ಗೊತ್ತಾಗಲ್ವಾ ನಂಗೆ?" ಎಂದೆ.

ಹೋದೆ. ಕೆಂಪು ಅಂಚಿನ ಇದೇ ಟವೆಲನ್ನು ಎಸೆದೆ. ಡ್ರೈವರಿನ ಹಿಂದಿನ ಕಿಟಕಿ ಪಕ್ಕದ ಸೀಟು, ಗಾಳಿ ಬರುವಂಥದ್ದು. ಬಸ್ಸು ತುಂಬಿತು, ಹೊರಟಿತು. ನಮ್ಮ ಸ್ಟಾಪಿಗೆ ಮುಂಚೆ ಎಸ್ಟೇಟಿನ ಬಂಗಲೆಯ ಗೇಟು ಸಿಗುತ್ತದೆ. ಬಸ್ಸು ಅಲ್ಲಿ ಎಂದೂ ನಿಂತದ್ದಿಲ್ಲ. ಆವತ್ತು ನಿಂತಿತು. ಬಂಗಲೆಯ ಅಮ್ಮನವರು ಹತ್ತಿದರು. ಅವರ ಕಾರು ಕೆಟ್ಟಿತ್ತಂತೆ. ರೇಷ್ಮೆ ಸೀರೆ, ಕೈಯಲ್ಲಿ ಚರ್ಮದ ಚೀಲ. ಹತ್ತಿದವರು ಎಲ್ಲಿ ಹಿಡಿದುಕೊಳ್ಳಬೇಕೆಂದು ತಿಳಿಯದೆ ಬಾಗಿಲ ಹತ್ತಿರವೇ ನಿಂತರು. ಪಾಪ, ಯಾರನ್ನೂ ಏನೂ ಕೇಳಲಿಲ್ಲ. ಅವರ ತಪ್ಪು ಇದರಲ್ಲಿ ಕೂದಲೆಳೆಯಷ್ಟೂ ಇಲ್ಲ.

ಇಡೀ ಬಸ್ಸು ಯಾರು ಏಳುತ್ತಾರೆಂದು ಕಾಯುತ್ತಿತ್ತು. ನಾನು ಎದ್ದೆ. ಎದ್ದದ್ದಷ್ಟೇ ಅಲ್ಲ, ಜಯಕ್ಕ ಮಾಡುವ ಹಾಗೆಯೇ ಟವೆಲಿನಿಂದ ಸೀಟು ಒರೆಸಿ, "ಬನ್ನಿ ಅಮ್ಮಾವ್ರೇ, ಕೂತ್ಕೊಳಿ" ಎಂದೆ. ಆ ಗಳಿಗೆಯಲ್ಲಿ ಅಕ್ಕನ ನೆನಪು ನನಗೆ ಬರಲೇ ಇಲ್ಲ ಎಂದು ಹೇಳುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬಂದಿತ್ತು.

"ಎಷ್ಟು ಒಳ್ಳೆ ಹುಡುಗಪ್ಪಾ! ಯಾರ ಮಗ ನೀನು?" ಎಂದರು ಅವರು. ಚೀಲದಿಂದ ಹೊಳೆಯುವ ಕಾಗದದ ಚಾಕಲೇಟು ತೆಗೆದುಕೊಟ್ಟರು.

ಬಸ್ಸು ನಮ್ಮ ಸ್ಟಾಪಿಗೆ ಬಂತು. ಅಮ್ಮ ಸರಳಿಗೆ ಉಂಗುರ ಬಡಿಯಲು ಕೈ ಎತ್ತಿದವಳು ಎತ್ತಿದ ಹಾಗೇ ನಿಂತಳು. ಕಿಟಕಿಯಲ್ಲಿ ನನ್ನ ಬದಲು ಬಂಗಲೆಯ ಅಮ್ಮನವರು. "ನಿಮ್ಮ ಮಗನಾ? ಮಕ್ಕಳನ್ನ ಹೀಗೆ ಬೆಳೆಸ್ಬೇಕು ನೋಡಿ" ಎಂದು ಅವರು ಒಳಗಿನಿಂದಲೇ ಅಮ್ಮನನ್ನು ಹೊಗಳಿದರು. ಅಮ್ಮ ಎತ್ತಿದ ಕೈಯನ್ನು ಇಳಿಸಿ ಹೂಂ ಅಂದಳು. ಹೊಸ ಸೀರೆ ಉಟ್ಟ ಜಯಕ್ಕ ಹತ್ತಿ, ನಾನು ಹಿಡಿದುಕೊಂಡಿದ್ದ ಕಂಬಿಯನ್ನೇ ಹಿಡಿದು ನಿಂತಳು. ನಾನು ಇಳಿದೆ. ಚಾಕಲೇಟು ಬಾಯಲ್ಲಿತ್ತು.

"ಭೋಜಣ್ಣ ಎಬ್ಬಿಸಿದ್ರು" ಎಂದೆ ಅಮ್ಮನಿಗೆ.

ಮೊದಲ ಸಾಲು ತಿರುವು ಮುಗಿಯುವ ಮೊದಲೇ ಜಯಕ್ಕನಿಗೆ ಆಗುವುದೆಲ್ಲ ಆಯಿತಂತೆ. ಪೇಟೆಯಲ್ಲಿ ನಲ್ಲಿಯೊಂದರ ಕೆಳಗೆ ಸೀರೆ ತೊಳೆದುಕೊಂಡು, ಒದ್ದೆಯಲ್ಲೇ ಹೋಗಿ ಕೂತಳಂತೆ. ಒಂದು ಪದ್ಯ ಹೇಳಿ ಎಂದರೆ ದನಿ ಹೊರಡಲಿಲ್ಲವಂತೆ. ಕೆಲಸ ಬೇರೆಯವರಿಗೆ ಹೋಯಿತು. ಸಂಜೆ ಮನೆಗೆ ಬಂದವಳು ನನ್ನನ್ನು ಏನೂ ಕೇಳಲಿಲ್ಲ. ಮುಂದೆ ಅವಳನ್ನು ಜಾವಳಿಗೆ ಮದುವೆ ಮಾಡಿಕೊಟ್ಟರು. ಭಾವ ಒಳ್ಳೆಯವರು, ಅವಳು ಕೋಳಿ ಸಾಕುತ್ತಾಳೆ, ಊರಿನವರಿಗೆ ಬಟ್ಟೆ ಹೊಲಿದುಕೊಡುತ್ತಾಳೆ, ನಗುನಗುತ್ತಾ ಇದ್ದಾಳೆ. ನಾನೂ ವರ್ಷಕ್ಕೊಮ್ಮೆ ಹೋಗಿ, ಅವಳು ಮಾಡಿದ ಕಡುಬು ತಿಂದು, ಹೇಳಬೇಕಾದದ್ದನ್ನು ಕಡುಬಿನ ಜೊತೆ ನುಂಗಿಕೊಂಡು ಬರುತ್ತಿದ್ದೆ.

ಇಂಥವನ ಮನೆಗೆ, ಮಕ್ಕಳಿಗೆ ದಯೆ ಕಲಿಸುವ ಯೋಗ ಬಂತು. ನನ್ನ ಹೆಂಡತಿ ಲಲಿತ ಭಾನುವಾರದ ಪತ್ರಿಕೆಯನ್ನು ಅಕ್ಷರ ಬಿಡದೆ ಓದುವವಳು. ಮಕ್ಕಳಲ್ಲಿ ಉಪಕಾರಸ್ಮರಣೆ, ಕರುಣೆ ಬೆಳೆಯಬೇಕಾದರೆ ವಾರಕ್ಕೊಂದು ದಿನ ಮನೆಮಂದಿಯೆಲ್ಲ ಸೇರಿ ಪರರ ಸೇವೆ ಮಾಡಬೇಕು ಎಂದು ಅದರಲ್ಲಿ ಬಂದಿತ್ತಂತೆ. ನಮಗೆ ಇಬ್ಬರು ಮಕ್ಕಳು. ಪಮ್ಮಿ ಮೂರನೇ ಕ್ಲಾಸು. ಗುಂಡ ಅವಳಿಗಿಂತ ಚಿಕ್ಕವನು, ಅಳತೆಯಲ್ಲಿ ದೊಡ್ಡವನು.

ಮೊದಲ ಭಾನುವಾರ ಪಕ್ಕದ ಮನೆಯ ರುಕ್ಮಿಣಜ್ಜಿಯ ಅಂಗಳ ಗುಡಿಸುವುದೆಂದಾಯಿತು. ಮಕ್ಕಳು ಬಹಳ ಉತ್ಸಾಹದಿಂದ ಗುಡಿಸಿದರು. ಮುಗಿದ ಮೇಲೆ ಪಮ್ಮಿ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತಳು.

"ಅಜ್ಜೀ, ಥ್ಯಾಂಕ್ಸ್ ಹೇಳ್ಲೇ ಇಲ್ಲ ನೀವು."

"ಎಂತಕ್ಕೆ ಮಾರಾಯ್ತಿ?" ಎಂದರು ಅಜ್ಜಿ. "ಒಣ ಹಾಕಿದ್ದ ಕಾಳುಮೆಣಸು ಅಷ್ಟೂ ಗುಡಿಸಿ ಚರಂಡಿಗೆ ಹಾಕಿದ್ದಕ್ಕಾ?"

ಆವತ್ತು ಮಧ್ಯಾಹ್ನವೆಲ್ಲ ನಾನು, ಲಲಿತ ಚರಂಡಿಯಲ್ಲಿ ಕಾಳುಮೆಣಸು ಆರಿಸಿದೆವು. ಮಕ್ಕಳು ಕಟ್ಟೆಯ ಮೇಲೆ ಕೂತು ನಾವು ಬಿಟ್ಟದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದರು. "ಥ್ಯಾಂಕ್ಸ್ ಕೇಳಿ ಇಸ್ಕೊಳ್ಳೋ ಬುದ್ಧಿ ಇವಳಿಗೆ ಎಲ್ಲಿಂದ ಬಂತೋ" ಎಂದು ಲಲಿತ ಗೊಣಗಿದಳು. ನಾನು ತಲೆ ಬಗ್ಗಿಸಿ ಕಾಳು ಹುಡುಕುವುದರಲ್ಲಿ ಮಗ್ನನಾದೆ.

ಆಮೇಲೆ ನನಗೆ ಗೊತ್ತಿದ್ದ ಒಂದೇ ಸೇವೆಯನ್ನು ಹೊರತೆಗೆದೆ. ಅಂಗಡಿಯಲ್ಲಿ ಕೈ ಒರೆಸುತ್ತಿದ್ದ ಟವೆಲನ್ನು ಲಲಿತ ಬಿಸಿನೀರು, ಸೋಡಾ ಹಾಕಿ ಕುದಿಸಿದಳು. ನೀರು ಕಪ್ಪಾಯಿತು, ಟವೆಲು ಹಾಗೇ ಇತ್ತು. ಮುಂದಿನ ಭಾನುವಾರ, ನಾವೀಗ ಇರುವ ಮೂಡಿಗೆರೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಮಕ್ಕಳ ಎದುರು ಕಿಟಕಿಯಿಂದ ಎಸೆದು ತೋರಿಸಿದೆ. ನೆಟ್ಟಗೆ ಸೀಟಿನ ಮೇಲೆ ಬಿತ್ತು. ಒಳಗೆ ಕೂತಿದ್ದವರೊಬ್ಬರು ಅದನ್ನು ನೋಡಿ ಎದ್ದು ಹಿಂದಿನ ಸೀಟಿಗೆ ಹೋದರು. ಅದನ್ನು ಗೌರವ ಎಂದೇ ತಿಳಿದುಕೊಂಡೆ.

"ಜಾವಳಿ ಬಸ್ಸೇ ಯಾಕೆ?" ಎಂದಳು ಲಲಿತ.

"ಖಾಲಿ ಇರತ್ತೆ" ಎಂದೆ. ಅವಳು ತುಂಬಿದ ಬಸ್ಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

ಮುಂದಿನ ಸೀಟಿನಲ್ಲಿ ಲಲಿತ, ಪಮ್ಮಿ. ಹಿಂದೆ ನಾನು, ಕಿಟಕಿಯ ಪಕ್ಕ ಗುಂಡ. ಬಣಕಲ್ಲಿನಲ್ಲಿ ಕೋಲು ಊರಿಕೊಂಡು ಒಬ್ಬ ಅಜ್ಜ ಹತ್ತಿದರು. ಪಮ್ಮಿ ಎದ್ದಳು. ಅಜ್ಜ ಕೂತು, "ದೇವ್ರು ಒಳ್ಳೇದು ಮಾಡ್ಲಿ ಮಗಾ" ಎಂದರು.

"ಅಪ್ಪಾ, ಅದು ಥ್ಯಾಂಕ್ಸಾ?"

"ಅದಕ್ಕಿಂತ ದೊಡ್ಡದು."

"ಅಷ್ಟು ದೊಡ್ಡದು ಬೇಡಾಗಿತ್ತು" ಎಂದಳು ಪಮ್ಮಿ. ಲಲಿತ ಮಗುವೆತ್ತಿಕೊಂಡ ಒಬ್ಬಳಿಗೆ ತನ್ನ ಸೀಟು ಬಿಟ್ಟಳು. ಸೇವೆ ಚೆನ್ನಾಗಿ ನಡೆಯುತ್ತಿತ್ತು. ನಾನಿನ್ನೂ ಕೂತೇ ಇದ್ದೆ. ಯೋಜನೆ ಹಾಕಿದವನು ಕೊನೆಯಲ್ಲಿ ಏಳಬೇಕೆಂದು ನನ್ನ ಅಭಿಪ್ರಾಯ.

ಕೊಟ್ಟಿಗೆಹಾರದಲ್ಲಿ ನೂಕುನುಗ್ಗಲು. ಆ ಗುಂಪಿನಲ್ಲಿ ಒಂದು ಬಟ್ಟೆಯ ಚೀಲವನ್ನು ಮಗುವಿನ ಹಾಗೆ ಎದೆಗವಚಿಕೊಂಡು ಜಯಕ್ಕ ಹತ್ತಿದಳು. ಕೂದಲು ಮುಂದೆ ಬೆಳ್ಳಗಾಗಿತ್ತು. ನಮ್ಮನ್ನು ನೋಡಿ, "ಅರೆ! ನೀವೆಲ್ಲ ಎಂತ ಇಲ್ಲಿ?" ಎಂದಳು.

"ಸೇವೆ ಅತ್ತೆ" ಎಂದಳು ಪಮ್ಮಿ. "ನಾವು ಎದ್ದು ಎಲ್ಲರ್ನೂ ಕೂರಿಸ್ತಾ ಇದೀವಿ. ಗುಂಡಾ, ಏಳೋ, ಅತ್ತೆ ಬಂದ್ರು."

ಗುಂಡ ನಿದ್ದೆ ಹೋಗಿದ್ದ. ಈಗಷ್ಟೇ ಚಕ್ಕುಲಿ ಕಡಿಯುತ್ತಿದ್ದವನು, ಕೈಯಲ್ಲಿ ಚಕ್ಕುಲಿ ಹಿಡಿದುಕೊಂಡೇ ಗೊರಕೆ ಹೊಡೆಯುತ್ತಿದ್ದ.

ಜಯಕ್ಕ ಬಗ್ಗಿ ಅವನ ಮುಖ ನೋಡಿ ನಕ್ಕಳು. "ಬಿಡೇ, ಮಲಗ್ಲಿ. ರೆಪ್ಪೆ ಕುಣೀತಾ ಇದೆ ನೋಡು. ಥೇಟ್ ಅಪ್ಪಂದೇ ನಿದ್ದೆ."

ನಾನು ಎದ್ದೆ. ಎದ್ದು, ಅಭ್ಯಾಸಬಲದಿಂದ ಟವೆಲಿನಲ್ಲಿ ಸೀಟು ಒರೆಸಿದೆ. "ಕೂತ್ಕೋ ಜಯಕ್ಕ."

ಅವಳು ಕೂರಲಿಲ್ಲ. ಟವೆಲಿನ ಕೆಂಪು ಅಂಚನ್ನೇ ನೋಡಿದಳು. ಆಮೇಲೆ ನನ್ನ ಮುಖ ನೋಡಿ, ಬಹಳ ಮೆಲ್ಲಗೆ, "ಕೂರ್ಲಾ? ಬಂಗ್ಲೆ ಅಮ್ಮಾವ್ರು ಬಂದ್ರೆ ಮತ್ತೆ ಏಳಿಸಲ್ಲ ತಾನೆ?" ಎಂದಳು.

ಬಸ್ಸು ಹೊರಟಿತು. ನನ್ನ ಕಾಲ ಕೆಳಗಿನ ತಗಡು ಅಲುಗಿದ್ದು ಅದರಿಂದಲೇ ಇರಬೇಕು. ಜಯಕ್ಕ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ಆಗದವಳ ಹಾಗೆ ಗುಂಡನ ಕೈಯ ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡಳು. ಗುಂಡನಿಗೆ ತಕ್ಷಣ ಎಚ್ಚರವಾಯಿತು.

ಈಗ ನನ್ನ ಸ್ಥಿತಿ ಕೇಳಿ. ಆವತ್ತು ಬಂಗಲೆ ಗೇಟಿನಿಂದ ನಮ್ಮ ಸ್ಟಾಪಿನ ತನಕದ ಚೂರು ದಾರಿ ಬಿಟ್ಟರೆ, ಜೀವಮಾನದಲ್ಲಿ ನಾನು ಇಂಥ ತಿರುವುಗಳಲ್ಲಿ ನಿಂತುಕೊಂಡು ಹೋದವನೇ ಅಲ್ಲ. ಚಿಕ್ಕವನಿದ್ದಾಗ ಟವೆಲಿತ್ತು, ದೊಡ್ಡವನಾದ ಮೇಲೆ ಗಿರಾಕಿಗಳ ಜೀಪಿತ್ತು. ಮೊದಲ ತಿರುವಿಗೆ ಕಂಬಿ ಹಿಡಿದೆ. ಎರಡನೆಯದಕ್ಕೆ ಕಣ್ಣು ಮುಚ್ಚಿದೆ. ಅದರ ಮುಂದಿನದಕ್ಕೆ ಬೆಳಗಿನ ಇಡ್ಲಿಗಳು ತಾವೆಲ್ಲಿದ್ದೇವೆಂದು ವಿಚಾರಿಸತೊಡಗಿದವು. ಹಣೆಯಲ್ಲಿ ಬೆವರು. ಒಂದೇ ರಕ್ತ ನೋಡಿ, ಜಯಕ್ಕನಿಗಿದ್ದ ರೋಗ ನನಗೂ ಇತ್ತು. ನಿಂತು ನೋಡಿರಲಿಲ್ಲ, ಅಷ್ಟೇ.

ಜಯಕ್ಕ ಕೈ ಚೀಲಕ್ಕೆ ಹಾಕಿ ಒಂದು ನಿಂಬೆಹಣ್ಣು ತೆಗೆದಳು. ಉಗುರಿನಿಂದ ಗೀರಿ ನನ್ನ ಕೈಗಿಟ್ಟಳು. "ಮೂಸ್ತಾ ಇರು. ಬಾಯಿ ತೆಗೀಬೇಡ. ಆ ಸಂದರ್ಶನದ ದಿನದಿಂದ ನಿಂಬೆಹಣ್ಣಿಲ್ದೆ ಬಸ್ ಹತ್ತಿದೋಳೇ ಅಲ್ಲ ನಾನು."

ನಾನು ಮೂಸಿದೆ.

"ಅಪ್ಪಾ, ಅತ್ತೆಗೆ ಥ್ಯಾಂಕ್ಸ್ ಹೇಳು" ಎಂದಳು ಪಮ್ಮಿ.

ಅದನ್ನೂ, ಅದಕ್ಕಿಂತ ಹಳೆಯದೊಂದನ್ನೂ ಹೇಳಬೇಕೆಂದೇ ಇದ್ದೆ. ಅದಕ್ಕಾಗಿಯೇ ಆ ಬಸ್ಸು ಹತ್ತಿದ್ದೆ. ಆದರೆ ಬಾಯಿ ತೆರೆದರೆ ಮೊದಲು ಏನು ಹೊರಗೆ ಬರುತ್ತದೋ ಎಂಬ ಭಯ. ತಲೆ ಆಡಿಸಿದೆ.

"ತಲೆ ಆಡಿಸಿದ್ರೆ ಲೆಕ್ಕಕ್ಕಿಲ್ಲ" ಎಂದಳು ಮಗಳು.

"ಇಳಿದ ಮೇಲೆ ಹೇಳ್ತಾನೆ ಬಿಡೇ. ಇಷ್ಟು ವರ್ಷ ಕಾದಿದೀನಿ" ಎಂದಳು ಜಯಕ್ಕ.

ಜಾವಳಿಗೆ ಮುಂಚಿನ ಸ್ಟಾಪಿನಲ್ಲಿ ಅವಳ ಜೊತೆ ನಾವೂ ಇಳಿದೆವು. ಅಲ್ಲಿಂದ ಅವಳ ಮನೆಗೆ ಏರುದಾರಿ. ಅವಳ ಕೈಯಿಂದ ಚೀಲ ಇಸಿದುಕೊಂಡೆ. ಮಕ್ಕಳು, ಲಲಿತ ಸ್ವಲ್ಪ ಹಿಂದೆ ಬರುತ್ತಿದ್ದರು. ಗಾಳಿ ತಾಗಿ ಹೊಟ್ಟೆ ತಹಬಂದಿಗೆ ಬಂದಿತ್ತು. ಇನ್ನು ನೆಪವಿರಲಿಲ್ಲ.

"ಜಯಕ್ಕ, ಆವತ್ತು ಭೋಜಣ್ಣ ನನ್ನ ಎಬ್ಬಿಸ್ಲಿಲ್ಲ. ನಾನೇ ಎದ್ದೆ. ಹೊಗಳ್ತಾರೆ ಅಂತ ಎದ್ದೆ. ಅವರು ಚಾಕಲೇಟು ಕೊಟ್ರು, ಅದನ್ನೂ ನಾನೇ ತಿಂದೆ."

"ಗೊತ್ತು ಮಾರಾಯ. ಭೋಜಣ್ಣ ಆವತ್ತೇ ಹೇಳಿದ್ರು."

"ಮತ್ತೆ ನೀನ್ಯಾಕೆ ಏನೂ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಇನ್ನೊಂದು ಸುಳ್ಳು ಹೇಳ್ತಿದ್ದೆ. ಒಂದು ದಿನಕ್ಕೆ ಒಂದು ಸಾಕು ಅನ್ನಿಸ್ತು." ದಾರಿಗೆ ಚಾಚಿದ್ದ ಕೊಂಬೆಯೊಂದನ್ನು ನನಗಾಗಿ ಸರಿಸಿ ಹಿಡಿದಳು. "ಬೇಜಾರಾಗಿತ್ತು. ತುಂಬ ದಿನ ಆಗಿತ್ತು. ಚೀಲ ಅಲ್ಲಾಡಿಸ್ಬೇಡ, ಕಾವಿಗೆ ಕೂರಿಸೋ ಮೊಟ್ಟೆ ಇದೆ."

ಮೊಟ್ಟೆ ಎಂದ ಕೂಡಲೇ ನನ್ನ ನಡಿಗೆ ಬದಲಾಯಿತು. ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ಹೆಜ್ಜೆಯ ಮುಂದೆ ಹೆಜ್ಜೆ ನೋಡಿಕೊಂಡು ಏರತೊಡಗಿದೆ. ಟವೆಲು ಹೆಗಲಿನಿಂದ ಜಾರುತ್ತಿತ್ತು, ಸರಿಮಾಡಿಕೊಳ್ಳಲು ಕೈ ಇರಲಿಲ್ಲ. ಹಿಂದಿನಿಂದ ಪಮ್ಮಿ ಓಡಿಬಂದಳು.

"ಅತ್ತೇ, ಅಪ್ಪ ನಿಮ್ಮ ಚೀಲ ಹೊತ್ರೆ ಅದು ಸೇವೆಗೆ ಸೇರತ್ತಾ?"

ಜಯಕ್ಕ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಒಂದೂ ಒಡೀದೆ ಮನೆ ಮುಟ್ಟಿಸಿದ್ರೆ ಸೇರತ್ತೆ" ಎಂದಳು.

ಮನೆ ಇನ್ನೂ ದೂರವಿತ್ತು. ದಾರಿಯ ತುಂಬ ಕಲ್ಲು.